ಸೇತುವೆಗೆ ನಿಂತ ಬೇಲಿ

ಮೇಲೂರಿನವರು ತಮ್ಮ ತೋಪುಗಳ ಸುತ್ತ ಬೇಲಿ ಹಾಕಿಸಿದರು. ಗೇಟಿಗೆ ಅಗುಳಿ ಜಡಿದರು. ಪೂಜಾರಿಯಿಂದ ಮಂತ್ರ ಹೇಳಿಸಿದರು. ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಮನೆಗೆ ಹೋಗಿ ಸಾಕೆ ಎಂಬ ಅಕ್ಕಿಹೆಂಡ ಕುಡಿದು ಮಲಗಿದರು. ಜಿಂಕೆಗಳು ಬೇಲಿಯ ಒಳಗೇ ಇದ್ದವು.

ನಗು ಬರುತ್ತದಲ್ಲವೆ? ನಮಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಆ ನಗು ನಮಗೆ ಪುಕ್ಕಟೆ ಸಿಕ್ಕಿದ್ದಲ್ಲ. ಆ ಬೇಲಿಯ ಕಂಬಗಳನ್ನು ಬೆಟ್ಟಕ್ಕೆ ಹೊತ್ತವರು ನಾವು. ನಮ್ಮ ಬೆನ್ನಿನ ಚರ್ಮ ಇನ್ನೂ ಪೂರ್ತಿ ಮಾಯ್ದಿರಲಿಲ್ಲ.

ನನ್ನ ಹೆಸರು ಕಿನುಯೊ. ಹೊಳೆಯ ಈಚೆಗಿನ ಕೇರಿಯವಳು. ನಮ್ಮ ಅಜ್ಜಂದಿರು ಸತ್ತ ದನದ ಚರ್ಮ ಸುಲಿಯುತ್ತಿದ್ದರು. ನಮ್ಮಪ್ಪ ಚಪ್ಪಲಿ ಹೊಲಿದ. ನಾನು ಪೇಟೆಯ ಕಾರ್ಖಾನೆಯಲ್ಲಿ ಶಾಲೆ ಮಕ್ಕಳ ಕೈಚೀಲಕ್ಕೆ ಜಿಪ್ ಹೊಲಿಯುತ್ತೇನೆ. ತಲೆಮಾರು ಉರುಳಿದರೂ ಮೇಲೂರಿನವರ ಮೂಗಿಗೆ ನಮ್ಮಿಂದ ಹಸಿ ಚರ್ಮದ ವಾಸನೆ ಹೊಡೆಯುವುದು ನಿಂತಿಲ್ಲ. ಅಂಥ ಮೂಗು ಬೇಟೆ ನಾಯಿಗೂ ಇಲ್ಲ.

ಸತ್ತದ್ದು ಏನೇ ಇರಲಿ, ಫೋನ್ ಬರುವುದು ಕೇರಿಗೆ. ರಸ್ತೆಯಲ್ಲಿ ಲಾರಿಗೆ ಸಿಕ್ಕ ಜಿಂಕೆ, ಕಾಲುವೆಗೆ ಬಿದ್ದ ಕಾಡುಹಂದಿ, ಅವರ ಮನೆಯ ಮುದಿ ನಾಯಿ, ಎಲ್ಲಕ್ಕೂ ನಾವೇ. ನಮಸ್ಕಾರವಿಲ್ಲ, ಕ್ಷೇಮ ವಿಚಾರಿಸುವುದಿಲ್ಲ. "ಸತ್ತಿದೆ, ಬಾ" ಎಂದರೆ ಮುಗಿಯಿತು. ಎಲ್ಲದರ ಹೆಸರಿಗೂ 'ಸಾನ್' ಎಂದು ಗೌರವ ಹಚ್ಚುವ ಸೀಮೆ ನಮ್ಮದು. ಪೋಸ್ಟಿನವನಿಗೆ ಸಾನ್. ದೇವರಿಗೆ ಸಾನ್. ಬೇಯಿಸಿದ ಅವರೆಗೂ, ರೋಗಿಯ ಗಂಜಿಗೂ ಸಾನ್ ಹಚ್ಚಿ ಮಾತಾಡುತ್ತಾರೆ ಇಲ್ಲಿಯ ಹೆಂಗಸರು. ಕೇರಿಯವರ ಹೆಸರು ಮಾತ್ರ ಬೋಳು. ಗಂಜಿಗಿರುವ ಮರ್ಯಾದೆ ನಮಗಿಲ್ಲ. ನಾವು ಮಾತ್ರ ಅವರ ಮನೆಯ ಕೂಸಿಗೂ ಸಾನ್ ಅನ್ನಬೇಕು. ಮೇಲೂರಿನ ಮುಖಂಡ ಅಶಿದಾನನ್ನು ಎದುರಿಗೆ ಅಶಿದಾಸಾನ್ ಎಂದೇ ಕರೆಯುತ್ತೇನೆ. ಇಲ್ಲಿ ಕತೆ ಹೇಳುವವಳು ನಾನು. ಇಲ್ಲಿ ಅವನು ಬರಿ ಅಶಿದಾ.

ನನ್ನ ಗಂಡ ಹೋದ ಮೇಲೆ ಹೊಳೆದಂಡೆಯ ನಮ್ಮ ಕಲ್ಲುಭೂಮಿಯಲ್ಲಿ ಚೆಸ್ಟ್‌ನಟ್ ಸಸಿ ನೆಟ್ಟೆ. ಮುಳ್ಳುಮುಳ್ಳಾದ ಸಿಪ್ಪೆಯೊಳಗೆ ದಪ್ಪನೆಯ ಕಂದು ಬೀಜ ಬಿಡುವ ಮರ. ನಮ್ಮ ಸೀಮೆಗೆ ಹೆಸರು ಬಂದದ್ದೇ ಅದರಿಂದ. ಮೇಲೂರಿನ ಪ್ರತಿ ಮನೆಗೂ ಒಂದು ತೋಪುಂಟು. ಕೇರಿಯವರು ಶರತ್ಕಾಲದಲ್ಲಿ ಅವರ ತೋಪಿಗೆ ಹೋಗಿ, ಬೆರಳಿಗೆ ಮುಳ್ಳು ಚುಚ್ಚಿಸಿಕೊಂಡು ಬೀಜ ಆರಿಸಿ ಕೊಟ್ಟು ಬರುವವರು. ನಮ್ಮ ಮರ, ನಮ್ಮ ಬೀಜ ಎಂಬುದು ಕೇರಿಯಲ್ಲಿ ಯಾರಿಗೂ ಇರಲಿಲ್ಲ. ನನಗೆ ಅದು ಬೇಕಿತ್ತು. ಹಾರೆ ಹಾಕಿ ಕಲ್ಲು ಎಬ್ಬಿಸಿದೆ. ಹೊಳೆಯ ಮೆಕ್ಕಲು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ತಂದು ಗುಂಡಿಗೆ ಹಾಕಿದೆ. ಕಸಿ ಕಟ್ಟಿದ ಸಸಿಗಳನ್ನು ಇಳಿಸಿದೆ. ಅಂಚಿನಲ್ಲಿ ಎರಡು ಕಾಕಿ ಹಣ್ಣಿನ ಗಿಡ ಇಟ್ಟೆ. ಭಾನುವಾರ ಬಂತೆಂದರೆ ನಾನು ಅಲ್ಲೇ. ಮಕ್ಕಳಿಲ್ಲದ ನನಗೆ ಅದೇ ಸಂಸಾರ ಆಯಿತು.

ಎಳೆ ಗಿಡವೆಂದರೆ ಜಿಂಕೆಗೆ ಪ್ರಾಣ. ವಸಂತದಲ್ಲಿ ತುದಿಯ ಕುಡಿ ಕಚ್ಚುತ್ತದೆ. ತುದಿ ಹೋದ ಗಿಡ ಮೇಲೇಳುವುದಿಲ್ಲ, ಪೊರಕೆಯ ಹಾಗೆ ಕೆದರಿಕೊಳ್ಳುತ್ತದೆ. ಚಳಿಗಾಲದಲ್ಲಿ ತಿನ್ನಲು ಏನೂ ಸಿಗದೆ ತೊಗಟೆ ಕೀಳುತ್ತದೆ. ಗಂಡು ಜಿಂಕೆಗೆ ಬೆದೆ ಬಂದಾಗ ಕೊಂಬು ತಿಕ್ಕಲು ಎಳೆ ಕಾಂಡವೇ ಬೇಕು. ಸುತ್ತ ತೊಗಟೆ ಹೋಯಿತೆಂದರೆ ಗಿಡ ನಿಂತಲ್ಲೇ ಸಾಯುತ್ತದೆ. ನಾನು ಹಳೇ ಮೀನುಬಲೆ ಸುತ್ತಿದೆ. ಕ್ಷೌರದ ಅಂಗಡಿಯಿಂದ ಕೂದಲು ತಂದು ಗಂಟು ಕಟ್ಟಿ ನೇತುಹಾಕಿದೆ. ಸಾಬೂನಿನ ವಾಸನೆಗೆ ಜಿಂಕೆ ಬರುವುದಿಲ್ಲ ಎಂದು ಯಾರೋ ಹೇಳಿದರು. ಅದನ್ನೂ ಕಟ್ಟಿದೆ. ಜಿಂಕೆ ಕುಡಿ ತಿಂದು, ಮೇಲೆ ಸಾಬೂನನ್ನೂ ನೆಕ್ಕಿ ಹೋಯಿತು. ಅಂತೂ ಇಂತೂ ಕಾಪಾಡಿಕೊಂಡೆ. ಗಿಡಗಳು ನನ್ನ ತಲೆಯ ಮಟ್ಟಕ್ಕೆ ಬಂದವು. ಇನ್ನೆರಡು ವರ್ಷ ದಾಟಿದರೆ ಬೀಜ ಬಿಡುತ್ತವೆ.

ಆಗ ಬಂತು ಸರ್ಕಾರಿ ಬೇಲಿ. ಕೆಳಗೆ ಕಬ್ಬಿಣದ ಜಾಲರಿ, ಮೇಲೆ ನೈಲಾನ್ ಬಲೆ. ಸಾಮಾನು ಪುಕ್ಕಟೆ, ಹಾಕುವ ದುಡಿಮೆ ಊರಿನದು. ಊರಿನ ಸಭಾಂಗಣದಲ್ಲಿ ಸಭೆ ಕರೆದರು. ನಾವು ಎಂದಿನಂತೆ ಬಾಗಿಲ ಬಳಿ, ಬಿಟ್ಟ ಚಪ್ಪಲಿಗಳ ಪಕ್ಕ ಕೂತೆವು. ಕಚೇರಿಯಿಂದ ಬಂದ ಹುಡುಗ ಹೇಳಿದ, "ನೋಡಿ, ಇಷ್ಟು ಉದ್ದಕ್ಕೆ ಜಾಲರಿ ಬರಬೇಕು ಅಂದ್ರೆ ಮನೆಗಳ ಲೆಕ್ಕ ಸಾಲಲ್ಲ. ಹೊಳೆ ಆಚಿನವರನ್ನೂ ಸೇರಿಸ್ಕೊಂಡ್ರೆ ಸಾಲತ್ತೆ."

ಅಶಿದಾ ನಮ್ಮ ಕಡೆ ತಿರುಗಿ ನಕ್ಕ. ಅವನ ಹಲ್ಲು ಅಷ್ಟು ಬಿಳಿ ಇವೆ ಎಂದು ನನಗೆ ಆವತ್ತೇ ಗೊತ್ತಾಗಿದ್ದು. "ಸೇರಿಸ್ಕೊಳ್ಳೋದೇನು? ಎಲ್ರೂ ಒಂದೇ ಕಣಿವೆಯವರು ತಾನೇ? ಸುತ್ತ ಒಂದೇ ಬೇಲಿ ಹಾಕೋಣ."

ನನ್ನ ಭಾವ ಇಸಾಮು, ಅಂದರೆ ಗಂಡನ ಅಣ್ಣ, ನನ್ನ ಪಕ್ಕದಲ್ಲೇ ಕೂತಿದ್ದ. "ಒಂದೇ ಕಣಿವೆಯಂತೆ ಕಣೆ," ಎಂದು ಪಿಸುಗುಟ್ಟಿದ. "ಇವತ್ತು ಸೂರ್ಯ ಎಲ್ಲಿ ಹುಟ್ಟಿದಾನೆ ಹೋಗಿ ನೋಡ್ಕೊಂಡ್ ಬಾ."

ಆದರೂ ನಂಬಿದೆವು. ಬೇಲಿ ಬೇಕಿತ್ತಲ್ಲ. ಬೇಕಾದವರು ಬೇಗ ನಂಬುತ್ತಾರೆ.

ಭತ್ತದ ಕೊಯ್ಲು ಮುಗಿದ ಮೇಲೆ ಕೆಲಸ ಶುರುವಾಯಿತು. ಮನೆಗೊಬ್ಬರು ಬರಬೇಕು ಎಂದು ಕಟ್ಟಳೆ. ಕೇರಿಯಿಂದ ಮನೆಗಿಬ್ಬರು ಬನ್ನಿ, ನಿಮಗೆ ಭಾರ ಹೊತ್ತು ಅಭ್ಯಾಸ ಎಂದರು. ಹೋದೆವು. ಕಬ್ಬಿಣದ ಕಂಬದ ಕಟ್ಟು ಬೆನ್ನಿಗೆ ಹಗ್ಗದಲ್ಲಿ ಬಿಗಿದುಕೊಂಡು ಇಳಿಜಾರು ಹತ್ತಬೇಕು. ಕಾಲಡಿ ಕೊಳೆತ ಎಲೆ, ಜಾರುತ್ತದೆ. ಜಾರಿದರೆ ಕಂಬ ಕತ್ತಿನ ಹಿಂದಕ್ಕೆ ಬಡಿಯುತ್ತದೆ. ಜಾಲರಿಯ ಹಾಳೆ ಇನ್ನೂ ಕೆಟ್ಟದು. ಗಾಳಿ ಬಂದರೆ ಮನುಷ್ಯನನ್ನೇ ಎತ್ತಿ ಬಿಸಾಡುತ್ತದೆ. ಸುತ್ತಿಗೆಯಿಂದ ಕಂಬ ಬಡಿ, ಜಾಲರಿ ನಿಲ್ಲಿಸು, ತಂತಿ ತಿರುಚು. ಜಿಂಕೆ ಬೇಲಿ ಹಾರುತ್ತದೆ ಎಂದು ಪೇಟೆಯವರು ತಿಳಿದಿದ್ದಾರೆ. ಅದು ಮೊದಲು ಕೆಳಗೆ ಮೂಗು ತೂರಿಸಿ ನೋಡುತ್ತದೆ. ಹಾಗಾಗಿ ಬುಡದ ಅಂಚನ್ನು ಮಣ್ಣಿಗೆ ಒತ್ತಿ ಗೂಟ ಹೊಡೆಯಬೇಕು. ಆ ಕೆಲಸ ಮಂಡಿಯೂರಿ ಮಾಡುವುದು. ಅದಕ್ಕೆ ಕೇರಿಯ ಹೆಂಗಸರು. ತಂತಿ ಚುಚ್ಚಿ ನನ್ನ ಉಗುರೊಂದು ಕಪ್ಪಾಗಿ ಬಿದ್ದೇ ಹೋಯಿತು.

ಮೇಲೂರಿನ ಗಂಡಸರೂ ಬಂದಿದ್ದರು. ಬಿಳಿ ಕೈಗವಸು, ಕೊರಳಿಗೆ ಹೊಸ ಟವಲು. ಒಬ್ಬ ಹಗ್ಗ ಹಿಡಿಯುತ್ತಾನೆ, ಮೂವರು ಹಗ್ಗ ನೇರ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಸಂಜೆ ಸೊಂಟ ನೋವು ಎಂದು ನರಳುವುದೂ ಅವರೇ.

ಬೇಲಿ ಬೆಟ್ಟ ಇಳಿದು, ಗುಡಿಯ ಹಿಂಭಾಗ ಸುತ್ತಿ, ಹೊಳೆಯ ಆಚೆ ದಂಡೆಗೆ ಬಂತು. ಸೇತುವೆ ಬಂತು. ಸೇತುವೆ ದಾಟಿ ಈಚೆ ಬರಬೇಕು. ಬರಲಿಲ್ಲ. ಅಶಿದಾ ಸೇತುವೆಯ ತಲೆಗೇ ಗೇಟು ನಿಲ್ಲಿಸಿ ಎಂದ. ಅಲ್ಲಿಂದ ದಂಡೆಯುದ್ದಕ್ಕೂ ಕೆಳಗೆ ಓಡಿ ಬೇಲಿ ಮತ್ತೆ ಬೆಟ್ಟಕ್ಕೆ ತಿರುಗಿತು. ನಾವು ಹೊರಗೆ.

ಇಸಾಮು ಹೆಗಲಿನಿಂದ ಕಂಬ ಇಳಿಸಿದ. "ಅಶಿದಾಸಾನ್, ಬೇಲಿ ಇನ್ನೂ ಈಚೆ ಬರಬೇಕಲ್ವಾ?"

"ನಿಮ್ಮ ಕಡೆ ಬರೀ ಬಂಡೆ. ಕಂಬ ಇಳಿಯಲ್ಲ."

"ಇಳಿಸೋರು ನಾವು. ಇಳಿಸ್ತೀವಿ ಬಿಡಿ."

"ಸಾಮಾನು ಮುಗೀತಪ್ಪ."

"ಅಲ್ಲಿ ಗೋಡೌನಿನ ಪಕ್ಕ ಪೇರಿಸಿಟ್ಟಿರೋದೇನು?"

"ಅದು ರಿಪೇರಿಗೆ," ಎಂದ ಅಶಿದಾ. ನಾನು ಮುಂದೆ ಬಂದೆ. "ನಮ್ಮ ಗಿಡಗಳಿವೆ. ನಮ್ಮ ಮನೆಗಳನ್ನ ಲೆಕ್ಕಕ್ಕೆ ಹಿಡಿದ್ರಿ. ನಿಮ್ಮ ಕಡೆ ಮುಚ್ಚಿದ್ರೆ ಕಾಡಿನ ಜಿಂಕೆಯೆಲ್ಲ ನಮ್ಮ ಮೇಲೇ ಬೀಳ್ತವೆ."

ಅವನು ತನ್ನವರ ಕಡೆ ನೋಡಿ, ನಾಟಕದಲ್ಲಿ ಮಾತು ಒಪ್ಪಿಸುವವನಂತೆ ಹೇಳಿದ, "ಬೀಳಲಿ ಬಿಡು ಕಿನುಯೊ. ನಿಮಗ್ಯಾಕೆ ಬೇಲಿ? ಜಿಂಕೆ ಮನೆಬಾಗಿಲಿಗೆ ಬಂದ್ರೆ ನಿಮಗೆ ಲಾಭಾನೇ ಅಲ್ವಾ? ಮಾಂಸ ನಿಮ್ದೇ, ಚರ್ಮಾನೂ ನಿಮ್ದೇ."

ಅವರೆಲ್ಲ ನಕ್ಕರು. ಬಿಳಿ ಕೈಗವಸನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನನ್ನ ಮುಖ ಸುಟ್ಟುಹೋಯಿತು. ಉಳಿದ ಗೂಟಗಳನ್ನು ಹೊಡೆದು ಮುಗಿಸಿ ಬಂದೆ. ಹೊಡೆದು ಮುಗಿಸಿದೆ ನೋಡಿ, ಅದು ನನಗೆ ಇವತ್ತಿಗೂ ಉರಿಯುತ್ತದೆ.

ಬೇಲಿ ಮುಚ್ಚುವ ಮೊದಲು ಮಾಡಲೇಬೇಕಾದ ಕೆಲಸ ಒಂದಿದೆ. ಸಾಲಾಗಿ ನಿಂತು, ಡಬ್ಬ ಬಡಿಯುತ್ತ, ಕೂಗುತ್ತ, ಮೇಲಿನಿಂದ ಕೆಳಗೆ ಪೊದೆ ಪೊದೆ ತುಳಿದು ಒಳಗಿನ ಜಿಂಕೆಯನ್ನೆಲ್ಲ ಹೊರಗೆ ಓಡಿಸಬೇಕು. ಇದು ಎಲ್ಲರಿಗೂ ಗೊತ್ತು. ಮೇಲೂರಿನವರಿಗೂ ಗೊತ್ತು. ಆದರೆ ಪೊದೆ ತುಳಿಯುವುದು, ಡಬ್ಬ ಬಡಿಯುವುದು ಅವರ ಅಂತಸ್ತಿನ ಕೆಲಸವಲ್ಲ. ಯಾವಾಗಲೂ ಅದು ಕೇರಿಯದೇ. ಈ ಸಲ ಎಡವಟ್ಟಾಯಿತು. ಅಶಿದಾನಿಗೆ ಪೂಜೆಯ ಹುಚ್ಚು ಹಿಡಿಯಿತು. ಪೂಜಾರಿ ಬೆಳಿಗ್ಗೆಯೇ ಬಂದು ಬೇಲಿಯ ಉದ್ದಕ್ಕೂ ಉಪ್ಪು ಎರಚಿ ಬೆಟ್ಟವನ್ನು ಶುದ್ಧ ಮಾಡಿದ. ಶುದ್ಧವಾದ ಮೇಲೆ ಪೂಜೆ ಮುಗಿಯುವ ತನಕ ನಾವು ಒಳಗೆ ಕಾಲಿಡಬಾರದು.

ಯೋಚಿಸಿ. ಅಲ್ಲಿಯ ಒಂದೊಂದು ಕಂಬದ ಬುಡದಲ್ಲೂ ನಮ್ಮ ಬೆವರು ಬಿದ್ದಿದೆ. ಬೆವರಿಗೆ ಮೈಲಿಗೆಯಿಲ್ಲ. ಬೆವರು ಸುರಿಸಿದವರಿಗೆ ಇದೆ.

ನಾವು ಡಬ್ಬ ಹಿಡಿದುಕೊಂಡೇ ಹೋಗಿದ್ದೆವು. ಗೇಟಿನ ಹೊರಗೆ ನಿಲ್ಲಿಸಿದರು. ಪೂಜಾರಿ ಕಾಗದದ ಪಟ್ಟಿ ಕಟ್ಟಿದ ಕೋಲು ಬೀಸುತ್ತಿದ್ದ. ಇಸಾಮು ತಡೆಯಲಾರದೆ ಕೂಗಿದ, "ಒಳಗಿಂದ ಓಡಿಸಿಲ್ಲವಲ್ಲ, ಹಂಗೇ ಮುಚ್ತೀರಾ?"

"ಬಾಯಿ ಮುಚ್ಚು, ಮಂತ್ರ ನಡೀತಿದೆ," ಎಂದ ಅಶಿದಾ.

ಇಸಾಮು ಬಾಯಿ ಮುಚ್ಚಿದ. ಗೇಟೂ ಮುಚ್ಚಿತು. ನಮ್ಮೆಲ್ಲರಿಗಿಂತ ಹಿರಿಯಳಾದ ಒತೊಕು ಅಜ್ಜಿ ತನ್ನ ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ನಡೀರಿ ಮಕ್ಕಳಾ. ಜಿಂಕೆಗೂ ಪ್ರಸಾದ ಬೇಕಲ್ಲ," ಎಂದಳು.

ವಾರ ಕಳೆಯುವುದರೊಳಗೆ ಮೇಲೂರಿನಲ್ಲಿ ಬೊಬ್ಬೆ. ಮೊದಲಾದರೆ ಜಿಂಕೆ ಬರುತ್ತಿತ್ತು, ತಿನ್ನುತ್ತಿತ್ತು, ಕಾಡಿಗೆ ಹೋಗುತ್ತಿತ್ತು. ಈಗ ಹೋಗಲು ದಾರಿಯಿಲ್ಲ. ಹಗಲೂ ರಾತ್ರಿ ಊರಲ್ಲೇ. ಹೊಸದಾಗಿ ನೆಟ್ಟ ಸಸಿಗಳನ್ನೆಲ್ಲ ಮೇದವು. ಮೂಲಂಗಿ ಕಿತ್ತವು. ಅಶಿದಾನ ಮಗ ಮದುವೆಗೆಂದು ನೆಟ್ಟಿದ್ದ ಪ್ಲಮ್ ಗಿಡದ ತೊಗಟೆಯನ್ನು ಬೇರಿನ ತನಕ ಸುಲಿದವು. ಮೇಲೂರಿನವರು ತಮ್ಮ ಶತ್ರುವಿಗೆ ತಾವೇ ಕೊಟ್ಟಿಗೆ ಕಟ್ಟಿಕೊಟ್ಟಿದ್ದರು. ಅದಕ್ಕೆ ಪೂಜೆಯನ್ನೂ ಮಾಡಿಸಿದ್ದರು.

ನಮ್ಮ ಕಡೆಯ ನಗುವೂ ಬೇಗ ನಿಂತಿತು. ಹೊರಗುಳಿದ ಕಾಡಿನ ಜಿಂಕೆಗೆ ಮೇಲೂರಿನ ದಾರಿ ಬಂದಾಯಿತಲ್ಲ, ನಾನು ಹೇಳಿದ ಹಾಗೇ ನಮ್ಮ ಮೇಲೆ ಬಿದ್ದವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೀನುಬಲೆ ಹರಿದು ಚಿಂದಿಯಾಗಿದೆ. ಕುಡಿಗಳಿಲ್ಲ. ಎಲ್ಲಕ್ಕಿಂತ ದಪ್ಪನಾಗಿ ಬಂದಿದ್ದ ಗಿಡಕ್ಕೆ ಗಂಡು ಜಿಂಕೆ ಕೊಂಬು ತಿಕ್ಕಿದೆ. ಕಾಂಡ ಬಿಳಿಯಾಗಿ, ಒದ್ದೆಯಾಗಿ, ಸುಲಿದ ಮೊಣಕಾಲಿನಂತೆ ಕಾಣುತ್ತಿತ್ತು. ಜೇಡಿಮಣ್ಣು ಮೆತ್ತಿ ಬಟ್ಟೆ ಸುತ್ತಿದೆ. ಸುತ್ತುತ್ತ ಸುತ್ತುತ್ತ ಅತ್ತೆ. ಬದುಕುವುದಿಲ್ಲ ಎಂದು ಗೊತ್ತಿತ್ತು.

ಆವತ್ತೇ ಮಧ್ಯಾಹ್ನ ಫೋನ್ ಬಂತು. ಗುಡಿಯ ಹಿಂದೆ, ಬೇಲಿಯ ಮೇಲಿನ ನೈಲಾನ್ ಬಲೆಗೆ ದೊಡ್ಡ ಗಂಡು ಜಿಂಕೆಯ ಕೊಂಬು ಸಿಕ್ಕಿಕೊಂಡಿತ್ತು. ಎಳೆದಾಡಿ ಎಳೆದಾಡಿ ಕತ್ತಿಗೂ ಸುತ್ತಿಕೊಂಡಿತ್ತು. ಅದರ ಕೂಗು ನಮ್ಮ ಕೇರಿಗೇ ಕೇಳುತ್ತಿತ್ತು.

"ಬಲೆಗೆ ಬಿದ್ದಿದೆ. ಬಾ. ಇಸಾಮುಗೂ ಹೇಳು. ಹಂಗೇ ಒಳಗಿರೋದನ್ನೆಲ್ಲ ಹಿಡಿದು ಮುಗಿಸ್ಬಿಡಿ," ಎಂದ ಅಶಿದಾ.

ನನ್ನ ಕೈಗೆ ಇನ್ನೂ ಜೇಡಿಮಣ್ಣು ಮೆತ್ತಿತ್ತು.

"ಬರಲ್ಲ," ಎಂದೆ.

"ಏನು?"

"ಬರಲ್ಲ."

"ಕೇಳಿಸ್ತಾ ನಾನು ಹೇಳಿದ್ದು? ಜೀವ ಇದೆ ಇನ್ನೂ. ಗುಡಿ ಹಿಂದೆ ಕೂಗ್ತಾ ಇದೆ. ನಾಳೆ ಹಬ್ಬ."

"ಕೇಳಿಸ್ತು. ಬರಲ್ಲ."

"ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ?"

"ಗೊತ್ತು. ಅದಕ್ಕೇ ಬರಲ್ಲ."

ಫೋನಿಟ್ಟೆ. ಹೆದರಲಿಲ್ಲ ಎಂದು ಹೇಳಿಕೊಳ್ಳಬಹುದು, ಆದರೆ ಹೆದರಿದ್ದೆ. ನನ್ನ ಅತ್ತೆ, ಅವಳ ಅತ್ತೆ, ಯಾರೂ ಮೇಲೂರಿಗೆ ಆ ಮಾತು ಹೇಳಿರಲಿಲ್ಲ. ಎದ್ದು ನೇರ ಇಸಾಮುವಿನ ಮನೆಗೆ ಹೋದೆ. ಅವರ ಮನೆಗೂ ಅಷ್ಟರಲ್ಲಿ ಫೋನ್ ಬಂದಿತ್ತು. ಅವನು ಹಗ್ಗ ಸುತ್ತಿಕೊಳ್ಳುತ್ತಿದ್ದ.

"ಭಾವ, ಹಗ್ಗ ಕೆಳಗಿಡು. ಹೋಗೋದು ಬೇಡ."

ಅವನ ಹೆಂಡತಿ ಮಿತ್ಸುಯೆ ಒಳಗಿಂದ ಓಡಿ ಬಂದಳು. "ನಿನಗೇನು ತಲೆ ಕೆಟ್ಟಿದೆಯಾ ಕಿನುಯೊ? ನನ್ನ ಸೊಸೆ ಅಶಿದಾಸಾನ್ ತಮ್ಮನ ಅಂಗಡೀಲಿ ಕೆಲಸಕ್ಕಿದಾಳೆ. ನಾಳೆ ಬೇಡ ಅಂದ್ರೆ ನೀನು ತಂದು ಹಾಕ್ತೀಯಾ?"

"ಇಲ್ಲಕ್ಕ. ನನ್ನತ್ರ ಏನಿದೆ ಹಾಕೋಕೆ?"

"ಮತ್ತೆ? ಒಂದು ಜಿಂಕೆ ತಾನೆ. ಹೋಗಿ ಎತ್ತಿ ಬಂದ್ರಾಯ್ತು. ಹೊಸದಾ ನಮಗೆ?"

"ಹೊಸದಲ್ಲ. ಅದಕ್ಕೇ ಹೇಳ್ತಿದೀನಿ. ಆವತ್ತು ಬೆಟ್ಟ ಶುದ್ಧ ಆಗಿದೆ, ಕಾಲಿಡಬೇಡಿ ಅಂದ್ರು. ಇವತ್ತು ಬನ್ನಿ ಅಂತಾರೆ. ಬೆಟ್ಟ ಇವತ್ತು ಮೈಲಿಗೆ ಆಗಿಹೋಯ್ತಾ?"

ಮಿತ್ಸುಯೆ ಸುಮ್ಮನಾಗಲಿಲ್ಲ. ನನ್ನನ್ನು ಬಾಯಿಗೆ ಬಂದಂತೆ ಬೈದಳು. ಗಂಡನನ್ನು ತಿಂದವಳು, ಮಕ್ಕಳಿಲ್ಲದವಳು, ಕಳೆದುಕೊಳ್ಳಲು ಏನೂ ಇಲ್ಲದವಳು ಎಂದಳು. ಇಸಾಮು ಹಗ್ಗವನ್ನು ನೋಡುತ್ತ ಕೂತ. ಜಿಂಕೆ ಆಚೆಯಿಂದ ಕೂಗುತ್ತಿತ್ತು. ಕೊನೆಗೆ ಅವನು ಹಗ್ಗವನ್ನು ಮೊಳೆಗೆ ತೂಗುಹಾಕಿ, "ಮಾಂಸ ನಿಮ್ದೇ, ಚರ್ಮಾನೂ ನಿಮ್ದೇ ಅಂದ ನನ್ಮಗ. ನಮಗೆ ಬೇಡ. ಅವನೇ ಇಟ್ಕೊಳ್ಳಲಿ," ಎಂದ. ಸಂಜೆಯೊಳಗೆ ಮನೆಮನೆಗೂ ಮಾತು ಹೋಯಿತು. ಕೇರಿಯಿಂದ ಒಬ್ಬರೂ ಸೇತುವೆ ದಾಟಲಿಲ್ಲ. ಮಿತ್ಸುಯೆಯ ಸೊಸೆಯ ಕೆಲಸ ಮಾರನೇ ದಿನವೇ ಹೋಯಿತು. ಅವಳೇನೂ ನನ್ನನ್ನು ಬೈಯಲಿಲ್ಲ, ಪೇಟೆಯಲ್ಲಿ ನಮ್ಮ ಕಾರ್ಖಾನೆಗೇ ಸೇರಿಕೊಂಡಳು. ಮಿತ್ಸುಯೆ ಮಾತ್ರ ತಿಂಗಳುಗಟ್ಟಲೆ ನನ್ನ ಮುಖ ನೋಡಲಿಲ್ಲ.

ಜಿಂಕೆ ಹಬ್ಬದ ಬೆಳಿಗ್ಗೆ ಸತ್ತಿತು. ಮೇಲೂರಿನಲ್ಲಿ ಅಷ್ಟು ಗಂಡಸರಿದ್ದರು. ಬಂದೂಕಿನ ಲೈಸೆನ್ಸಿದ್ದವರೂ ಇದ್ದರು. ಒಬ್ಬರೂ ಅದರ ಬಲೆ ಕತ್ತರಿಸಲಿಲ್ಲ. ಸತ್ತ ಮೇಲೆ ಇಳಿಸಲೂ ಇಲ್ಲ. ಮುಟ್ಟಿದವನ ಮನೆಗೆ ಆಮೇಲೆ ಹೆಣ್ಣು ಯಾರು ಕೊಡುತ್ತಾರೆ ಎಂಬ ಹೆದರಿಕೆ. ಮೇಲೆ ನೀಲಿ ಟಾರ್ಪಾಲು ಎಸೆದು ಉಪ್ಪು ಎರಚಿದರು. ಟಾರ್ಪಾಲಿನ ಕೆಳಗೆ ಅದು ಕೊಳೆಯಿತು. ಹಬ್ಬಕ್ಕೆ ಬಂದ ನೆಂಟರು ಮೂಗಿಗೆ ಕರ್ಚೀಫು ಹಿಡಿದು ಗುಡಿಗೆ ಹೋದರು. ನಮ್ಮ ಮೈಯಿಂದ ಬರುತ್ತದೆಂದು ಅವರು ಇಷ್ಟು ಕಾಲ ಹೇಳುತ್ತಿದ್ದ ವಾಸನೆ ಕೊನೆಗೂ ಅವರದೇ ದೇವರ ಬೆನ್ನ ಹಿಂದಿನಿಂದ ಬಂತು. ಪುಣ್ಯವಂತರು.

ಅಶಿದಾ ಎರಡು ಸಲ ತನ್ನ ಆಳುಗಳ ಕೈಲಿ ಹೇಳಿ ಕಳಿಸಿದ. ಬೇಲಿಯನ್ನು ಈಚೆ ತನಕ ತನ್ನಿ, ಬರುತ್ತೇವೆ ಎಂದೆವು. ಮುಂದಿನ ವರ್ಷ ನೋಡೋಣ ಎಂದು ಉತ್ತರ ಬಂತು. ಚಳಿಗಾಲದಲ್ಲಿ ಹಿಮ ಬಿತ್ತು. ಜಿಂಕೆಗಳು ನನ್ನ ಕಾಕಿ ಗಿಡಗಳೆರಡರ ತೊಗಟೆಯನ್ನೂ ತಿಂದು ಹಾಕಿದವು. ಮುಂದಿನ ವರ್ಷಕ್ಕೆ ನನ್ನ ಹತ್ತಿರ ಗಿಡವೇ ಉಳಿಯುವುದಿಲ್ಲ ಎಂದು ಖಾತ್ರಿಯಾಯಿತು.

ಹಿಮ ಕರಗಿದ ಮೇಲೆ ಒಂದು ಭಾನುವಾರ, ಮಟಮಟ ಮಧ್ಯಾಹ್ನ, ಕೇರಿಯವರೆಲ್ಲ ಸ್ಪ್ಯಾನರು, ಇಕ್ಕಳ ಹಿಡಿದು ಸೇತುವೆ ದಾಟಿದೆವು. ಕದ್ದು ಹೋಗಲಿಲ್ಲ. ನಮ್ಮ ಮನೆಗಳ ಲೆಕ್ಕಕ್ಕೆ ಬಂದ ಜಾಲರಿಯನ್ನು ಬಿಚ್ಚಿಕೊಂಡು ಬರಲು ಹೋದೆವು. ಸೇತುವೆಯಿಂದ ಕೆಳಗೆ, ದಂಡೆಯುದ್ದಕ್ಕೂ ಬಿಚ್ಚಿದೆವು. ಕಟ್ಟಿದ ಕೈಗೆ ಬಿಚ್ಚುವುದು ಸುಲಭ. ಯಾವ ತಂತಿಯನ್ನು ಎಷ್ಟು ತಿರುಚಿದ್ದೇನೆ ಎಂದು ನನ್ನ ಬೆರಳಿಗೆ ನೆನಪಿತ್ತು.

ಮೇಲೂರಿನವರು ಓಡಿ ಬಂದರು. ಅಶಿದಾ ಏದುಸಿರು ಬಿಡುತ್ತಿದ್ದ. "ಕಳ್ಳತನ! ಹಾಡಹಗಲಲ್ಲಿ ಕಳ್ಳತನ! ಪೊಲೀಸ್ರನ್ನ ಕರೀತೀನಿ."

"ಕರೀರಿ," ಎಂದೆ ನಾನು, ಗೂಟ ಕೀಳುತ್ತ. "ಕಚೇರಿ ಹುಡುಗನ್ನೂ ಕರೀರಿ. ಯಾರ ಮನೆಗಳ ಹೆಸರಲ್ಲಿ ಬಂದ ಸಾಮಾನು ಇದು ಅಂತ ಅವನೇ ಹೇಳ್ಲಿ."

ಅವನು ಕರೆಯಲಿಲ್ಲ. "ತಡೀರೋ ಇವರನ್ನ!" ಎಂದು ತನ್ನವರಿಗೆ ಕೂಗಿದ. ಅವರು ಇಪ್ಪತ್ತು ಮೂವತ್ತು ಜನ ಇದ್ದರು, ನಮಗಿಂತ ಹೆಚ್ಚು. ಗಟ್ಟಿ ಆಳುಗಳು. ಒಬ್ಬೊಬ್ಬರು ಒಂದೊಂದು ಕೈ ಹಿಡಿದುಕೊಂಡಿದ್ದರೆ ನಮ್ಮ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಹಿಡಿಯಲಿಲ್ಲ. ಹಿಡಿಯಬೇಕಾದರೆ ನಮ್ಮನ್ನು ಮುಟ್ಟಬೇಕಲ್ಲ. ಒತೊಕು ಅಜ್ಜಿ ಇಕ್ಕಳ ಆಡಿಸುತ್ತ ಒಬ್ಬ ಹೋರಿಯಂಥ ಯುವಕನ ಎದುರಿಗೆ ಹೋಗಿ ಬೇಕೆಂದೇ ನಿಂತಳು. ಅವನು ಎರಡು ಹೆಜ್ಜೆ ಹಿಂದೆ ಸರಿದ. ಅವಳು ಎರಡು ಹೆಜ್ಜೆ ಮುಂದೆ ಹೋದಳು. ಅವನು ಮತ್ತೆ ಸರಿದ. "ನೋಡ್ರೇ, ನನಗೆಂಥಾ ಶಕ್ತಿ ಬಂದಿದೆ ಈ ವಯಸ್ಸಲ್ಲಿ," ಎಂದಳು ಅಜ್ಜಿ.

ಸಂಜೆಯೊಳಗೆ ಜಾಲರಿಯೆಲ್ಲ ಈಚೆ ಬಂತು. ಮಾರನೇ ದಿನ ಯಾರೂ ಕೂಲಿಗೆ ಹೋಗಲಿಲ್ಲ. ಬಂಡೆಗೆ ಉಳಿ ಹೊಡೆದು ತೂತು ಮಾಡಿ ಕಂಬ ನಿಲ್ಲಿಸಿದೆವು. ಕಂಬ ಇಳಿಯಿತು. ನನ್ನ ಗಿಡಗಳಿಗೂ ಕೇರಿಯ ತರಕಾರಿ ಮಡಿಗಳಿಗೂ ಸೇರಿ ಸುತ್ತ ಬೇಲಿ ಆಯಿತು. ಮುಚ್ಚುವ ಮೊದಲು ಡಬ್ಬ ಬಡಿದು ಒಳಗಿನ ಪೊದೆಗಳನ್ನೆಲ್ಲ ತುಳಿದೆವು. ಮುಖ ತಿರುಗಿಸಿಕೊಂಡಿದ್ದ ಮಿತ್ಸುಯೆ ಆವತ್ತು ಡಬ್ಬ ಬಡಿಯಲು ಬಂದಳು. ಎಲ್ಲರಿಗಿಂತ ಜೋರಾಗಿ ಬಡಿದಳು.

ಮೇಲೂರಿನೊಳಗೆ ಸಿಕ್ಕಿಬಿದ್ದಿದ್ದ ಜಿಂಕೆಗಳು ನಾವು ಜಾಲರಿ ಬಿಚ್ಚಿದ ಕಡೆ ಉಳಿದ ಕಿಂಡಿಯಿಂದ ಒಂದೊಂದಾಗಿ ಹೊರಬಂದು, ಹೊಳೆಯಲ್ಲಿ ನೀರು ಕುಡಿದು, ಮೇಲೆ ಕಾಡಿಗೆ ಹೋದವು. ನಮ್ಮ ಜಾಲರಿಯ ಹತ್ತಿರ ಬಂದು ಕೆಳಗೆ ಮೂಗು ತೂರಿಸಿ ನೋಡಿ ಹೋದವು. ನಾನು ಒಳಗೆ ನಿಂತು ನೋಡುತ್ತಿದ್ದೆ. ಮೈಯೆಲ್ಲ ಹಗುರವಾಯಿತು. ಕಚ್ಚಿಸಿಕೊಂಡಿದ್ದ ಗಿಡಗಳ ಕಾಂಡದ ಪಕ್ಕದ ಚಿಗುರುಗಣ್ಣುಗಳು ಒಡೆದು ಎಲೆ ಬರುತ್ತಿತ್ತು.

ಆದರೆ ಹೊರಗೆ ಹೋಗುವ ಕಿಂಡಿಯೇ ಒಳಗೆ ಬರುವ ಕಿಂಡಿ. ಜಿಂಕೆಗಳು ಮತ್ತೆ ಮೇಲೂರಿಗೆ ಬರತೊಡಗಿದವು. ಅವರ ಗೋಡೌನಿನ ಪಕ್ಕ ಉಳಿದಿದ್ದ ಜಾಲರಿ ಅಷ್ಟು ಉದ್ದಕ್ಕೆ ಸಾಲದು. ಕಚೇರಿಗೆ ಹೋಗಿ ಹೊಸದು ಕೇಳಿದರೆ ಹಳೆಯದು ಏನಾಯಿತು ಎನ್ನುತ್ತಾರೆ. ಉಳಿದಿದ್ದದ್ದು ಒಂದೇ ದಾರಿ. ನಮ್ಮ ಬೇಲಿಯನ್ನು ಸೇತುವೆಯ ಬದಿಯಲ್ಲಿ ಬಿಚ್ಚಿ, ಅದರ ಎರಡು ತುದಿಗಳನ್ನು ಅವರ ಬೇಲಿಯ ಎರಡು ತುದಿಗಳಿಗೆ ಕಟ್ಟುವುದು. ಕಟ್ಟಿದರೆ ಎರಡೂ ಸೇರಿ ಒಂದೇ ಬೇಲಿ. ಅವರ ತೋಪೂ ಉಳಿಯುತ್ತದೆ, ನನ್ನ ಗಿಡವೂ ಉಳಿಯುತ್ತದೆ, ಕೇರಿಯ ಬೇರೆಯವರಿಗೂ ಗಿಡ ನೆಡಲು ಜಾಗವಾಗುತ್ತದೆ. ನನಗೂ ಅದು ಬೇಕಿತ್ತು. ಸುಳ್ಳು ಹೇಳುವುದಿಲ್ಲ, ತುಂಬ ಬೇಕಿತ್ತು.

ಇದನ್ನು ಕೇಳಲು ಅಶಿದಾ ತಾನೇ ಬಂದ. ಮೇ ತಿಂಗಳು, ಬಿಸಿಲು ಚೆನ್ನಾಗಿತ್ತು. ನಮ್ಮ ಮನೆಯ ಹೊಸ್ತಿಲ ಕಟ್ಟೆಯ ಮೇಲೆ, ಒಂದು ಕಾಲು ಹೊರಗಿಟ್ಟುಕೊಂಡೇ ಕೂತ. ಇಸಾಮುವನ್ನೂ ಒತೊಕು ಅಜ್ಜಿಯನ್ನೂ ಕರೆಸಿದೆ. ಅವನು ಬೇಲಿಯ ವಿಷಯವನ್ನು ಸುತ್ತಿ ಬಳಸಿ ಹೇಳಿದ.

"ಆದದ್ದು ಆಗಿಹೋಯ್ತು. ಸೇರಿಸಿಬಿಡೋಣ. ನಿಮಗೂ ಒಳ್ಳೇದು, ನಮಗೂ ಒಳ್ಳೇದು."

ನಾನು ಇಸಾಮುವನ್ನು ನೋಡಿದೆ. ಅವನು ತಲೆಯಾಡಿಸಿದ.

"ಆಯ್ತು. ಸೇರಿಸೋಣ," ಎಂದೆ. ಒಳಗೆ ಹೋಗಿ ಚಹಾ ಮಾಡಿ ತಂದು ಅವನ ಮುಂದಿಟ್ಟೆ. ಆ ವರ್ಷದ ಹೊಸ ಎಲೆ. ಹಸಿರು ಬಣ್ಣ, ಒಳ್ಳೆ ಪರಿಮಳ.

ನಾನು ಮದುವೆಯಾಗಿ ಬಂದಾಗಿನಿಂದ ಮೇಲೂರಿನವರು ಯಾರೂ ಕೇರಿಯಲ್ಲಿ ತೊಟ್ಟು ನೀರು ಕುಡಿದದ್ದನ್ನು ನೋಡಿಲ್ಲ. ಇಟ್ಟರೆ ಬಟ್ಟಲನ್ನು ಹೊಗಳುತ್ತಾರೆ, ಹವೆಯ ಮಾತಾಡುತ್ತಾರೆ, ಎದ್ದು ಹೋಗುತ್ತಾರೆ. ನಾವೂ ಏನೂ ಆಗದವರ ಹಾಗೆ ಬಟ್ಟಲು ಒಳಗೆ ತೆಗೆದುಕೊಂಡು ಹೋಗುತ್ತೇವೆ.

"ಬಟ್ಟಲು ಚೆನ್ನಾಗಿದೆ," ಎಂದ ಅಶಿದಾ.

"ಒಳಗಿರೋದೂ ಚೆನ್ನಾಗಿದೆ. ಕುಡೀರಿ."

"ಮೊದ್ಲು ಮಾತು ಮುಗೀಲಿ."

"ಮುಗೀತಲ್ಲ. ಸೇರಿಸೋಣ ಅಂದ್ರಿ, ಸೇರಿಸೋಣ ಅಂದೆ. ಒಂದೇ ಬೇಲಿಯೊಳಗೆ ಇರೋರು ಒಟ್ಟಿಗೆ ಒಂದು ಗುಟುಕು ಚಹಾ ಕುಡಿಯೋದೂ ಬೇಡ್ವಾ? ಕುಡೀರಿ, ಇವತ್ತೇ ಜಾಲರಿ ಬಿಚ್ಚೋಕೆ ಶುರು ಮಾಡ್ತೀವಿ."

ಅವನು ಬಟ್ಟಲನ್ನು ನೋಡಿದ. ಕೈಯನ್ನು ಮಂಡಿಯ ಮೇಲಿಂದ ಎತ್ತಿದ. ಅರ್ಧಕ್ಕೆ ನಿಂತಿತು. ಅವನ ತುಟಿ ಒಣಗಿದ್ದು ನನಗೆ ಕಾಣುತ್ತಿತ್ತು. ಸೇತುವೆಯಿಂದ ನಡೆದು ಬಂದಿದ್ದ, ದಾಹವಾಗಿತ್ತು. ನಾನು ಮನಸ್ಸಿನಲ್ಲೇ, ಎತ್ತು ಮಾರಾಯ, ಎತ್ತಿಬಿಡು ಎಂದೆ. ಅವನ ಕೈ ಮೊದಲಿದ್ದಲ್ಲಿಗೇ ಹೋಯಿತು.

"ಹೊಟ್ಟೆ ಸರಿಯಿಲ್ಲ. ಡಾಕ್ಟ್ರು ಚಹಾ ಬೇಡ ಅಂದಿದಾರೆ."

"ಬಿಸಿನೀರು ಕೊಡ್ಲಾ?"

ಒತೊಕು ಅಜ್ಜಿ ನಗಲು ಶುರು ಮಾಡಿದಳು. ಹಲ್ಲಿಲ್ಲದ ಬಾಯಿ ತೆರೆದು, ಕೆಮ್ಮು ಬರುವ ತನಕ ನಕ್ಕಳು. ಅಶಿದಾ ಎದ್ದ. ಹೊರಗಿಟ್ಟಿದ್ದ ಕಾಲೇ ಮುಂದಾಯಿತು. ಅಂಗಳ ದಾಟುವಾಗ ಒಂದು ಸಲ ನನ್ನ ಗಿಡಗಳ ಕಡೆ ನೋಡಿದ. ನಾನು ಅವನಿಗೆ ಕೇಳುವ ಹಾಗೆ ಹೇಳಿದೆ, "ಜಿಂಕೆ ಜೊತೆ ಇರೋಕಾಗ್ತದೆ ನಿಮಗೆ. ಇರಿ."

ಅವನಿಗಿಟ್ಟ ಚಹಾವನ್ನು ನಾನೇ ಕುಡಿದೆ.

ಆ ಕಿಂಡಿ ಇನ್ನೂ ಹಾಗೇ ಇದೆ. ನನ್ನ ಗಿಡಗಳ ಬುಡ ಕೆತ್ತುತ್ತಿರುವಾಗ ಹಗಲಲ್ಲೇ ಕಾಣುತ್ತದೆ. ಜಿಂಕೆಗಳು ಮರಿಗಳನ್ನು ಕಟ್ಟಿಕೊಂಡು ಹೊಳೆ ದಾಟಿ, ಆತುರವಿಲ್ಲದೆ, ಮೇಲೂರಿನ ತೋಪಿಗೆ ಹೋಗುತ್ತವೆ. ಮೇಲೂರಿನವರು ಕಿಟಕಿಯಲ್ಲಿ ನಿಂತು ನೋಡುತ್ತಾರೆ. ಒಂದು ಗುಟುಕಿಗೆ ಮುಚ್ಚುತ್ತಿದ್ದ ಕಿಂಡಿ ಅದು.